ಸಮುದ್ರದ ಕಡೆಯಿಂದ ಬರುವ ಭಯ

ಕಳೆದ ರಾಜ್ಯೋತ್ಸವದ ಊಟದಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು (ಮಗಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಬಂದವರು) ಹೋಳಿಗೆ ಮುರಿಯುತ್ತ ಕೇಳಿದರು: "ಅಲ್ಲಾ ರಾಯರೇ, ನೀವು ಸ್ಯಾನ್ ಡಿಯೇಗೋದಲ್ಲಿ ಮನೆ ಕೊಂಡಿದ್ದೀರಂತೆ. ಅಲ್ಲಿ ದೊಡ್ಡ ನೌಕಾದಳ ಇದೆಯಂತಲ್ಲ. ಉತ್ತರ ಕೊರಿಯಾದವರು ಸಮುದ್ರದಿಂದ ಕ್ಷಿಪಣಿ ಬಿಟ್ಟರೆ ಮೊದಲು ಬೀಳುವುದು ಅಲ್ಲಿಗೇ ಅಲ್ಲವೇ?" ನಾನು ನಕ್ಕು ಮಾತು ತೇಲಿಸಿಬಿಟ್ಟೆ. ಮನೆಗೆ ಬಂದ ಮೇಲೆ ಅದು ಸರಿಯಲ್ಲ ಎನ್ನಿಸಿತು. ಅವರ ಪ್ರಶ್ನೆ ನ್ಯಾಯವಾದದ್ದೇ. ನಾನು ಸೇನೆಯಲ್ಲಿದ್ದವನಲ್ಲ, ಸೇತುವೆಗಳ ಲೆಕ್ಕ ಹಾಕಿ ಹೊಟ್ಟೆ ಹೊರೆದವನು. ಆದರೂ ಓದಿ ತಿಳಿದಷ್ಟನ್ನು ಬರೆಯುತ್ತೇನೆ. ತಿಳಿದವರು ತಿದ್ದಬಹುದು.

ಮೊದಲು ನಾವೆಲ್ಲ ಹೆದರಿದ ಸಂದರ್ಭಗಳನ್ನು ನೆನೆಸಿಕೊಳ್ಳಿ. 2015ರ ನವೆಂಬರ್ 7, ಶನಿವಾರ ಸಂಜೆ. ನರಕ ಚತುರ್ದಶಿಗೆ ಮೂರು ದಿನವಿತ್ತು. ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೋವರೆಗೂ ಆಕಾಶದಲ್ಲಿ ನೀಲಿ ಬಿಳುಪಿನ ಬೆಳಕೊಂದು ಹರಡಿತು. ಮಕ್ಕಳು ಯಾರೋ ದೊಡ್ಡ ಬಾಣ ಹಾರಿಸಿದರೆಂದು ಕುಣಿದರು, ದೊಡ್ಡವರು ಫೋನಿಗೆ ಓಡಿದರು. ಅದು ಶತ್ರುವಿನದಲ್ಲ, ಅಮೆರಿಕದ್ದೇ ಆದ ಕೆಂಟಕಿ ಎಂಬ ಜಲಾಂತರ್ಗಾಮಿ ಪರೀಕ್ಷೆಗಾಗಿ ಬಿಟ್ಟ ಟ್ರೈಡೆಂಟ್ ಕ್ಷಿಪಣಿ. ಅದಕ್ಕೆ ಐದು ವರ್ಷ ಮುಂಚೆ, 2010ರ ನವೆಂಬರಿನಲ್ಲಿ, ಕ್ಯಾಟಲೀನಾ ದ್ವೀಪದ ಆಚೆ ಮೇಲೇರುತ್ತಿದ್ದ ಹೊಗೆಯ ಗೆರೆಯೊಂದನ್ನು ಟೀವಿಯವರು ಹೆಲಿಕಾಪ್ಟರಿನಿಂದ ಚಿತ್ರಿಸಿದರು. ಚೀನಾದ ಕ್ಷಿಪಣಿಯೆಂದು ವಾದಿಸಿದವರೂ ಇದ್ದರು. ವಿಮಾನ ಬಿಟ್ಟುಹೋದ ಗೆರೆ ಅದು ಎಂದು ಕೊನೆಗೆ ಪೆಂಟಗನ್ ಹೇಳಿತು.

ನಿಜವಾದ ಅಪಾಯವಿದ್ದ ಕಾಲದಲ್ಲಿ ಇಷ್ಟು ಗದ್ದಲವಿರಲಿಲ್ಲ. 1970ರ ದಶಕದಲ್ಲಿ, ನಮ್ಮಲ್ಲಿ ಕೆಲವರು ಎಂಟು ಡಾಲರ್ ಜೇಬಿನಲ್ಲಿಟ್ಟುಕೊಂಡು ಇಲ್ಲಿಗೆ ಬಂದಿಳಿದಾಗ, ಸೋವಿಯೆತ್ ದೇಶದ 'ಯಾಂಕಿ' ವರ್ಗದ ಜಲಾಂತರ್ಗಾಮಿಗಳು, ಒಂದೊಂದರಲ್ಲಿ 16 ಕ್ಷಿಪಣಿಗಳೊಡನೆ, ಅಮೆರಿಕದ ಕರಾವಳಿಯಾಚೆ ಸುತ್ತುತ್ತಿದ್ದವು. ನಾವು ಆಗ ಹುಣಸೆಹಣ್ಣು ಎಲ್ಲಿ ಸಿಗುತ್ತದೆಂದು ಹುಡುಕುತ್ತಿದ್ದೆವು! ಅವುಗಳಿಗಿಂತ ಹಳೆಯ ಮಾದರಿಯ ಕೆ-129 ಎಂಬುದು ಮೂರು ಕ್ಷಿಪಣಿಗಳೊಡನೆ 1968ರಲ್ಲಿ ಹವಾಯಿಯ ವಾಯವ್ಯಕ್ಕೆ ಮುಳುಗಿಹೋಗಿತ್ತು. ಅದನ್ನು ಎತ್ತಲು ಸಿ.ಐ.ಎ. ಕಟ್ಟಿಸಿದ ಗ್ಲೋಮರ್ ಎಕ್ಸ್‌ಪ್ಲೋರರ್ ಹಡಗು 1974ರ ಜೂನಿನಲ್ಲಿ ಹೊರಟದ್ದು ನಮ್ಮ ಲಾಂಗ್ ಬೀಚಿನಿಂದಲೇ. ಸಮುದ್ರದ ತಳದಿಂದ ಮ್ಯಾಂಗನೀಸ್ ತೆಗೆಯುತ್ತೇವೆಂದು ಊರಿಗೆಲ್ಲ ಹೇಳಿದ್ದರು, ಜನ ನಂಬಿದ್ದರು.

ಇನ್ನು ಹಿರಿಯರ ಪ್ರಶ್ನೆ. ಕ್ಷಿಪಣಿ ಎಷ್ಟು ದೂರ ಹಾರುತ್ತದೆಂದು ನೋಡಿದರೆ ಸಾಲದು, ಅದನ್ನು ಹೊತ್ತ ದೋಣಿ ಎಲ್ಲಿಯವರೆಗೆ ಬರಬಲ್ಲದು ಎಂದೂ ನೋಡಬೇಕು. ಉತ್ತರ ಕೊರಿಯಾ 2016ರ ಆಗಸ್ಟಿನಲ್ಲಿ ಜಲಾಂತರ್ಗಾಮಿಯಿಂದ ಬಿಟ್ಟ ಕ್ಷಿಪಣಿ ಸುಮಾರು 500 ಕಿಲೋಮೀಟರ್ ಹೋಯಿತು. 2019ರಲ್ಲಿ ನೀರಿನಡಿಯಿಂದ ಹಾರಿಸಿದ್ದರ ಗುರಿ 1,900 ಕಿಲೋಮೀಟರ್ ಇರಬಹುದೆಂದು ತಜ್ಞರ ಅಂದಾಜು. ಅಲ್ಲಿಂದ ನಮ್ಮೂರಿಗೆ 9,000 ಕಿಲೋಮೀಟರಿಗೂ ಹೆಚ್ಚು. ಅಂದರೆ ಅವರ ದೋಣಿ ಏಳು ಸಾವಿರ ಕಿಲೋಮೀಟರ್ ಶಾಂತಸಾಗರವನ್ನು ಯಾರ ಕಿವಿಗೂ ಬೀಳದೆ ದಾಟಬೇಕು. 2023ರಲ್ಲಿ ಅವರು ನೀರಿಗಿಳಿಸಿದ್ದು ಹಳೆಯ ಡೀಸೆಲ್ ಮಾದರಿಯನ್ನು ಹಿಗ್ಗಿಸಿ ಕಟ್ಟಿದ್ದು. ಡೀಸೆಲ್ ಯಂತ್ರಕ್ಕೆ ಗಾಳಿ ಬೇಕು. ಬ್ಯಾಟರಿ ತುಂಬಲು ಆಗಾಗ ಮೇಲೆ ಬಂದು ಕೊಳವೆ ಚಾಚಲೇಬೇಕು, ಆಗ ಸದ್ದೂ ಆಗುತ್ತದೆ. ಅಣುಶಕ್ತಿಯ ಜಲಾಂತರ್ಗಾಮಿ ಕಟ್ಟುತ್ತಿದ್ದೇವೆಂದು 2025ರಲ್ಲಿ ಚಿತ್ರಗಳನ್ನು ತೋರಿಸಿದ್ದಾರೆ. ಅದು ಮುಗಿದು ಕಡಲಿಗಿಳಿದರೆ ಲೆಕ್ಕವನ್ನು ಹೊಸದಾಗಿ ಹಾಕಬೇಕಾದೀತು.

ಇಷ್ಟು ದೂರ ಮುಟ್ಟುವ ಕ್ಷಿಪಣಿಗಳನ್ನು ಅವರು ನೆಲದಿಂದಲೇ ಹಾರಿಸಬಲ್ಲರು ಎಂಬುದು 2017ರಲ್ಲಿಯೇ ಗೊತ್ತಾಗಿದೆ. ಆದ್ದರಿಂದ ಸ್ಯಾನ್ ಡಿಯೇಗೋ ಮನೆ ಮಾರಿ ಫೀನಿಕ್ಸಿಗೆ ಹೋದರೆ ಸೆಖೆ ಹೆಚ್ಚೀತೇ ಹೊರತು ಮತ್ತೇನೂ ಆಗದು.

ಹಾಗೆಂದು ಸಣ್ಣ ದೋಣಿಗಳನ್ನು ಹಗುರಾಗಿ ಕಾಣಬಾರದು. 1967ರಲ್ಲಿ ಈಜಿಪ್ಟಿನ ಪುಟ್ಟ ಕ್ಷಿಪಣಿ ದೋಣಿಗಳು ಇಸ್ರೇಲಿನ ಏಲಾತ್ ಹಡಗನ್ನು ಮುಳುಗಿಸಿದವು. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ನಿರ್ಘಾತ್, ನಿಪತ್, ವೀರ್ ದೋಣಿಗಳು, ಕರಾವಳಿ ಕಾವಲಿಗೆಂದು ಕೊಂಡವು, ಕರಾಚಿಯವರೆಗೆ ಹೋಗಿ ಖೈಬರ್ ಎಂಬ ಡಿಸ್ಟ್ರಾಯರನ್ನು ಮುಳುಗಿಸಿ ಬಂದವು. ಇಷ್ಟು ದೂರ ಬಂದಾವೆಂದು ಕರಾಚಿಯವರು ಎಣಿಸಿರಲಿಲ್ಲ. ಸಾಮಾನು ಸಾಗಿಸುವ ಕಂಟೇನರಿನೊಳಗೇ ಕ್ಷಿಪಣಿ ಅಡಗಿಸಿಡುವ ಯಂತ್ರವನ್ನು ರಷ್ಯಾದವರು 2010ರಲ್ಲಿ ಪ್ರದರ್ಶನಕ್ಕಿಟ್ಟರು. ಸ್ಯಾನ್ ಪೀಡ್ರೋ ಕೊಲ್ಲಿಯಲ್ಲಿ ಬಣಬಣವಾಗಿ ಪೇರಿಸಿದ ಕಂಟೇನರುಗಳನ್ನು ಕಂಡವರಿಗೆ ಇದು ನಗುವ ವಿಷಯವಲ್ಲ. ಕಾಯುವವರು ಕಾಯಲಿ. ಅದಕ್ಕಾಗಿಯೇ ನಾವು ತೆರಿಗೆ ಕೊಡುವುದು.

ನನ್ನನ್ನು ಕಾಡುವುದು ಬೇರೊಂದು. ಈ ಕರಾವಳಿಗೆ ಶತ್ರುವಿನ ಜಲಾಂತರ್ಗಾಮಿ ನಿಜವಾಗಿ ಬಂದದ್ದುಂಟು. 1942ರ ಫೆಬ್ರವರಿ 23ರ ಸಂಜೆ ಜಪಾನಿನ ಐ-17, ಸಾಂತಾ ಬಾರ್ಬರಾದ ಬಳಿ ಎಲ್‌ವುಡ್ ತೈಲಬಾವಿಗಳ ಮೇಲೆ ಗುಂಡು ಹಾರಿಸಿತು. ಸತ್ತವರಿಲ್ಲ, ನಷ್ಟ ಕೆಲವು ನೂರು ಡಾಲರು. ಮರುದಿನ ರಾತ್ರಿ ಲಾಸ್ ಏಂಜಲೀಸಿನ ಮೇಲೆ ವಿಮಾನ ಬಂದವೆಂದು ಫಿರಂಗಿಗಳು 1,400ಕ್ಕೂ ಹೆಚ್ಚು ಗುಂಡುಗಳನ್ನು ಆಕಾಶಕ್ಕೆ ಹಾರಿಸಿದವು. ಶತ್ರುವಿಮಾನ ಒಂದೂ ಇರಲಿಲ್ಲ. ಸತ್ತವರು ಮಾತ್ರ ಇದ್ದರು, ಕತ್ತಲೆಯಲ್ಲಿ ಕಾರು ಗುದ್ದಿ ಮತ್ತು ಗಾಬರಿಗೆ ಎದೆಯೊಡೆದು. ನೌಕಾದಳದ ಕಾರ್ಯದರ್ಶಿ ನಾಕ್ಸ್ ಅದು ಸುಳ್ಳು ಗಾಬರಿ ಎಂದರೆ, ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಹದಿನೈದರವರೆಗೆ ವಿಮಾನಗಳಿದ್ದಿರಬಹುದು ಎಂದರು.

ಈ ತಪ್ಪು ಲೆಕ್ಕದ ಬೆಲೆ ತೆತ್ತವರು ಯಾರು? ಕರಾವಳಿಯ ಜಪಾನೀಯರು ಜಲಾಂತರ್ಗಾಮಿಗಳಿಗೆ ದಡದಿಂದ ಸಂಜ್ಞೆ ಕೊಡುತ್ತಿದ್ದಾರೆ ಎಂಬುದು ಸೇನಾಧಿಕಾರಿ ಡಿವಿಟ್ ಅವರ ಆರೋಪಗಳಲ್ಲೊಂದು. ಎಫ್.ಬಿ.ಐ.ಗೆ ಅದಕ್ಕೆ ಆಧಾರ ಸಿಗಲಿಲ್ಲ. ಆದರೂ ಎಲ್‌ವುಡ್ ಘಟನೆಗೆ ನಾಲ್ಕು ದಿನ ಮೊದಲೇ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ದ 9066ನೇ ಆಜ್ಞೆಯ ಮೇರೆಗೆ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಶಿಬಿರಗಳಿಗೆ ಹಾಕಿದರು. ಮೂವರಲ್ಲಿ ಇಬ್ಬರು ಇಲ್ಲಿಯೇ ಹುಟ್ಟಿದ ನಾಗರಿಕರು, ನಮ್ಮ ಮಕ್ಕಳ ಹಾಗೆ. ಸೇನೆಗೆ ಇದರ ಅಗತ್ಯವೇ ಇರಲಿಲ್ಲವೆಂದು ಕಾಂಗ್ರೆಸ್ ನೇಮಿಸಿದ ಆಯೋಗ ಹೇಳಿದ್ದು 1983ರಲ್ಲಿ.

ಅದು ಹಳೆಯ ಕಥೆ ಎನ್ನುತ್ತೀರಾ? 2001ರ ಸೆಪ್ಟೆಂಬರ್ 15ರಂದು ಅರಿಝೋನಾದ ಮೇಸಾದಲ್ಲಿ ಪೆಟ್ರೋಲ್ ಬಂಕಿನ ಸಿಖ್ ಯಜಮಾನರೊಬ್ಬರನ್ನು ಪೇಟ ನೋಡಿ ಗುಂಡಿಕ್ಕಿದರು. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸಿನ ಒಲೇಥಾದಲ್ಲಿ ನಮ್ಮವರಾದ ಇಬ್ಬರು ಇಂಜಿನಿಯರುಗಳ ಮೇಲೆ ಗುಂಡು ಹಾರಿಸಿದವನು ಅವರನ್ನು ಇರಾನಿನವರೆಂದು ತಿಳಿದಿದ್ದನಂತೆ. ಒಬ್ಬ ಸತ್ತ. ಹೀಗಿರುತ್ತ ನಮ್ಮವರೇ ಸಮಾರಂಭಗಳಲ್ಲಿ "ಆ ದೇಶದವರನ್ನೆಲ್ಲ ಕಳಿಸಿಬಿಡಬೇಕು" ಎಂದು ಸಲೀಸಾಗಿ ಆಡುವುದನ್ನು ಕೇಳಿದಾಗ ನನಗೆ ಊಟ ಸೇರುವುದಿಲ್ಲ.

ಆ ಹಿರಿಯರನ್ನು ಹೋದ ತಿಂಗಳು ಸ್ಯಾನ್ ಡಿಯೇಗೋಗೆ ಕರೆಸಿಕೊಂಡೆ. ಪಾಯಿಂಟ್ ಲೋಮಾದ ತುದಿಯಲ್ಲಿ ನಿಂತು ಜಲಾಂತರ್ಗಾಮಿ ನೆಲೆಯನ್ನು ತೋರಿಸಿ, ಮೇಲಿನ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಸಂಜೆ ರೈಲಿಗೆ ಬಿಡಲು ಸಾಂತಾ ಫೇ ನಿಲ್ದಾಣಕ್ಕೆ ಹೋದೆವು. 1942ರ ಏಪ್ರಿಲಿನಲ್ಲಿ ಈ ಊರಿನ ಜಪಾನೀ ಸಂಸಾರಗಳನ್ನು ಇಲ್ಲಿಂದಲೇ ರೈಲು ಹತ್ತಿಸಿ ಆರ್ಕೇಡಿಯಾದ ಸಾಂತಾ ಅನಿತಾ ಕುದುರೆ ಲಾಯಗಳಿಗೆ ಸಾಗಿಸಿದ್ದು. ಮಕ್ಕಳ ಗ್ರಂಥಪಾಲಕಿ ಕ್ಲಾರಾ ಬ್ರೀಡ್ ನಿಲ್ದಾಣಕ್ಕೆ ಬಂದು, ತನ್ನ ವಿಳಾಸ ಬರೆದು ಸ್ಟಾಂಪು ಹಚ್ಚಿದ ಕಾರ್ಡುಗಳನ್ನು ಮಕ್ಕಳ ಕೈಗೆ ಕೊಟ್ಟಳು, ಹೇಗಿದ್ದೀರೆಂದು ಬರೆಯಿರಿ ಎಂದು. ಮಕ್ಕಳು ಬರೆದರು. ಯುದ್ಧ ಮುಗಿಯುವವರೆಗೂ ಆಕೆ ಅವರಿಗೆ ಪುಸ್ತಕ ಕಳಿಸುತ್ತಿದ್ದಳು. ಇದನ್ನು ಹೇಳಿದಾಗ ಹಿರಿಯರು ಪ್ಲಾಟ್‌ಫಾರಮ್ಮಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಸಾಂತಾ ಅನಿತಾ ಎಂದರೆ ಮಗಳು ಶಾಪಿಂಗಿಗೆ ಕರೆದೊಯ್ಯುವ ಆ ಮಾಲ್ ಪಕ್ಕದ್ದೇ?" ಎಂದರು. ಹೌದು, ಅದರ ಪಕ್ಕದ್ದೇ ಎಂದೆ.