ಹೊಳ್ಳಿ ಬರುವ ಲೆಕ್ಕ

ಯುಗಾದಿ ಹತ್ತಿರ ಬಂತೆಂದರೆ ಮೂಡಲಗಿ, ಗೋಕಾಕ ಸೀಮೆಯ ಹಳ್ಳಿಗಳಿಂದ ಮಲ್ಲಯ್ಯನ ಭಕ್ತರು ಶ್ರೀಶೈಲಕ್ಕೆ ನಡೆದು ಹೊರಡುತ್ತಾರೆ. ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹೆಗಲಿಗೊಂದು ಚೀಲ, ಊಟ ನೀರಿಗೆ ದಾರಿಯುದ್ದಕ್ಕೂ ದಾಸೋಹ. ಆತ್ಮಕೂರು ದಾಟಿದ ಮೇಲೆ ನಲ್ಲಮಲೆ ಕಾಡು. ನಾಗಲೂಟಿ, ಪೆದ್ದ ಚೆರುವು, ಭೀಮನ ಕೊಳ್ಳ, ಕಡೆಗೆ ಕೈಲಾಸದ್ವಾರ. ಇಷ್ಟು ದೂರ ಹೊರಟವರನ್ನು ಮನೆಯವರು ತಡೆಯುವುದಿಲ್ಲ, ಬುತ್ತಿ ಕಟ್ಟಿ ಕಳಿಸುತ್ತಾರೆ.

ಆದರೆ ಪರೀಕ್ಷೆ ಮುಗಿಸಿದ ಅದೇ ಮನೆಯ ಹುಡುಗ, ‘ಅಪ್ಪಾ, ನಾ ಒಬ್ಬನ ಗುಡ್ಡದಾಗ ನಡಕೋಂತ ಹೋಗಿ ಬರ್ತೀನಿ’ ಅಂದು ನೋಡಲಿ! ‘ಯಾಕ, ಹುಚ್ಚ ಹಿಡದೈತೇನ ನಿನಗ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹುಡುಗಿ ಕೇಳಿದರಂತೂ ಉತ್ತರವೂ ಬರಲಿಕ್ಕಿಲ್ಲ.

ಅಪ್ಪನ ಸಿಟ್ಟಿನಲ್ಲಿ ಅರ್ಥವಿದೆ. ನೂರು ಜನರ ನಡುವೆ ಕಾಲು ಉಳುಕಿದರೆ ಹೊರುವವರಿರುತ್ತಾರೆ. ಒಬ್ಬನೇ ಹೊರಟವನು ಆ ನೂರು ಜನರ ಕೆಲಸವನ್ನು ಮೊದಲೇ ಕಾಗದದ ಮೇಲೆ ಮಾಡಿಟ್ಟಿರಬೇಕು. ಹಾಗೆಂದು ಹುಡುಗನ ಆಸೆಯೂ ಹುಚ್ಚಲ್ಲ. ಟ್ಯೂಷನ್, ಸಿಇಟಿಗಳ ನಡುವೆ ಇಡೀ ಒಂದು ದಿನ ಎಲ್ಲವನ್ನೂ ತಾನೇ ತೀರ್ಮಾನಿಸುವ ಅವಕಾಶ ಈಗಿನ ಮಕ್ಕಳಿಗೆ ಎಲ್ಲಿ ಸಿಗುತ್ತದೆ?

ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯ ಕಥೆಯನ್ನು ಇಬ್ಬರೂ ಕೇಳಬೇಕು. ಹನ್ನೊಂದು ಮಕ್ಕಳ ತಾಯಿ. 1954ರಲ್ಲಿ ಅಪಲೇಚಿಯನ್ ಬೆಟ್ಟಸಾಲಿನ ಕಾಲುದಾರಿಯನ್ನು ಒಬ್ಬಳೇ ನಡೆಯಹೊರಟಳು. ಉತ್ತರದ ತುದಿಯ ಕಾಡಿನಲ್ಲೇ ದಾರಿ ತಪ್ಪಿತು, ಕನ್ನಡಕ ಒಡೆಯಿತು. ಅರಣ್ಯ ಕಾವಲುಗಾರರು ಮನೆಗೆ ಹೋಗೆಂದರು, ಹೋದಳು. ಮರುವರ್ಷ ದಕ್ಷಿಣದ ತುದಿಯಿಂದ ಹೊರಟು, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು 146 ದಿನಗಳಲ್ಲಿ ಮುಗಿಸಿದಳು. ಹೊರಟಾಗ ವಯಸ್ಸು 67. ಟೆಂಟ್ ಇಲ್ಲ, ಕೈಯಾರೆ ಹೊಲಿದ ಚೀಲ, ಕಾಲಿಗೆ ಕ್ಯಾನ್ವಾಸ್ ಬೂಟು. ಮಕ್ಕಳಿಗೆ ಮಾತ್ರ ‘ಸ್ವಲ್ಪ ನಡೆದಾಡಿ ಬರುತ್ತೇನೆ’ ಎಂದಷ್ಟೇ ಹೇಳಿದ್ದಳು. ಇದೊಂದನ್ನು ಅಜ್ಜಿಯಿಂದ ಕಲಿಯಬಾರದು.

ಶ್ರೀಶೈಲದ ಕಾಡುದಾರಿ ಒಂಟಿ ನಡಿಗೆಗೆ ತಕ್ಕದ್ದಲ್ಲ. ಅದು ಹುಲಿ ಸಂರಕ್ಷಿತ ಪ್ರದೇಶ. ಮೊದಲ ಪಾಠಕ್ಕೆ ಗೋಕಾಕದ ಗುಡ್ಡಗಳೇ ಸಾಕು. ಘಟಪ್ರಭೆ ಧುಮುಕುವ ಗೋಕಾಕ ಜಲಪಾತ, ಯೋಗಿಕೊಳ್ಳ, ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಎಲ್ಲ ಹತ್ತಿರವೇ ಇವೆ. ಮಳೆಗಾಲದಲ್ಲಿ ಬೇಡ, ಪಾಚಿಗಟ್ಟಿದ ಬಂಡೆಗೆ ಧೈರ್ಯ ಗೊತ್ತಾಗುವುದಿಲ್ಲ. ಮೊದಲ ಸಲ ಗೆಳೆಯನೊಡನೆ ಹೋಗಿ ದಾರಿ ನೋಡಿಕೊಂಡು ಬರಬೇಕು, ಎರಡನೆಯ ಸಲ ಒಬ್ಬನೇ.

ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ನಕಾಶೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ದಾರಿಯ ಮೇಲೆ ನೂಲು ಹಾಸಿ ಅಳೆದರಾಯಿತು. ಏರನ್ನು ಸಮೋನ್ನತಿ ರೇಖೆಗಳನ್ನು ಎಣಿಸಿ ತಿಳಿಯಬಹುದು. ಭೂಗೋಳದ ಪಾಠದಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 15 ಕಿ.ಮೀ. ದಾರಿ, 300 ಮೀಟರ್ ಏರು ಎಂದರೆ ಮೂರೂವರೆ ಗಂಟೆ. ಆದರೆ ನೈಸ್ಮಿತ್ ಸಾಹೇಬರು ನಮ್ಮ ಏಪ್ರಿಲ್ ಬಿಸಿಲು ಕಂಡವರಲ್ಲ! ಹೊಸಬರು ಅದರರ್ಧ ಇನ್ನೂ ಸೇರಿಸಿ ಐದು ಗಂಟೆಯ ಮೇಲೆ ಹಿಡಿಯಬೇಕು. ನಸುಕಿನಲ್ಲಿ ಐದೂವರೆಗೆ ಹೊರಟರೆ ಬಿಸಿಲು ಏರುವಷ್ಟರಲ್ಲಿ ನಡಿಗೆ ಮುಗಿದೀತು. ಗಂಟೆಗೆ ಅರ್ಧ ಲೀಟರಿನಂತೆ ನೀರು, ಜೊತೆಗೆ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ. ಹೊಸ ಬೂಟು ಮಾತ್ರ ಬೇಡ, ಸವೆದು ಹೊಂದಿಕೊಂಡದ್ದೇ ಇರಲಿ.

ಇನ್ನು ಮನೆಯಲ್ಲಿ ಬಿಟ್ಟುಹೋಗುವ ಕಾಗದ. ಯಾವ ದಾರಿ, ಎಲ್ಲಿಗೆ ಎಷ್ಟು ಹೊತ್ತಿಗೆ, ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ಹುಡುಕಲು ಹೊರಡಬೇಕು, 112ಕ್ಕೆ ಯಾವಾಗ ಫೋನ್ ಮಾಡಬೇಕು ಎಲ್ಲ ಅದರಲ್ಲಿರಬೇಕು. ಮೊಬೈಲ್ ಇದೆಯಲ್ಲ ಎನ್ನಬಹುದು. ಕೊಳ್ಳಕ್ಕಿಳಿದರೆ ಸಿಗ್ನಲ್ಲಿನ ಭರವಸೆಯಿಲ್ಲ. ಆ ಗಂಟೆಯವರೆಗೆ ಚಡಪಡಿಸದೆ ಕೂರುವುದು ಅಪ್ಪ ಅವ್ವನ ಪಾಲಿನ ಕೆಲಸ, ಅದು ನಡೆಯುವುದಕ್ಕಿಂತ ಕಠಿಣ.

ಕಾಗದ ಓದಿ ಅಪ್ಪ ಕೇಳಬೇಕಾದ ಪ್ರಶ್ನೆ ಒಂದೇ: ‘ಎಂಟ ಹೊಡದ್ರೂ ಯೋಗಿಕೊಳ್ಳ ಮುಟ್ಟಲಿಲ್ಲಂದ್ರ ಏನ ಮಾಡ್ತಿ?’

‘ಎಲ್ಲಿ ಇರ್ತೀನೋ ಅಲ್ಲಿಂದ ಹೊಳ್ಳಿ ಬರ್ತೀನಿ’ ಎಂದು ಹುಡುಗ ತಡವರಿಸದೆ ಹೇಳಿದರೆ, ಅವ್ವ ಬುತ್ತಿ ಕಟ್ಟಬಹುದು.