ಯಂತ್ರ ಹಳತಾದರೂ ಅಕ್ಷರ ಅಳಿಯಬಾರದು

ಗಣಕಯಂತ್ರದ ಬಿಡಿಭಾಗಗಳು ದೇಹವಾದರೆ, ಅವುಗಳನ್ನು ನಡೆಸುವ ಕಾರ್ಯಾಚರಣಾ ವ್ಯವಸ್ಥೆಯು ಪ್ರಾಣವಿದ್ದಂತೆ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ೨೦೨೧ರಲ್ಲಿ ಬಂದ ವಿಂಡೋಸ್ ೧೧, ನಿರ್ದಿಷ್ಟ ಸುರಕ್ಷಾ ಘಟಕವಿಲ್ಲದ ಹಳೆಯ ಯಂತ್ರಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗೆಂದು ಜಗಳೂರು ತಾಲ್ಲೂಕಿನ ಸೊಕ್ಕೆಯಂತಹ ಗ್ರಾಮಗಳಲ್ಲಿ, ದಾನಿಗಳ ಔದಾರ್ಯದಿಂದ ಶಾಲೆಗೆ ಬಂದ ಯಂತ್ರಗಳನ್ನು ಮೂಲೆಗೆ ತಳ್ಳಬೇಕೆ? ಬೇಕಿಲ್ಲ. ಉಚಿತವಾಗಿ ದೊರೆಯುವ ಲಿನಕ್ಸ್ ಆಧಾರಿತ ವ್ಯವಸ್ಥೆಗಳು ಅಂತಹ ಎಷ್ಟೋ ಯಂತ್ರಗಳಿಗೆ ಮರುಜೀವ ನೀಡಬಲ್ಲವು. ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಈ ದಾರಿಯಲ್ಲಿ ನಡೆದಿವೆ. ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲಿಯೇ ಕಲಿಯುತ್ತಿದ್ದಾರೆ.

ಆದರೆ ಯಂತ್ರಕ್ಕಿಂತ ಹೆಚ್ಚಿನ ಚಿಂತೆ ಅಕ್ಷರದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ದಾಖಲೆಗಳು, ಆ ಶೈಲಿಗಳಿಲ್ಲದ ಹೊಸ ವ್ಯವಸ್ಥೆಯಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಪ್ರಶ್ನೆಪತ್ರಿಕೆ, ಪಾಠಟಿಪ್ಪಣಿ, ಸ್ಮರಣ ಸಂಚಿಕೆಯ ಲೇಖನಗಳೆಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ, ತಪ್ಪು ತಿದ್ದಿ, ಬೇರೊಂದು ಪ್ರತಿಯನ್ನು ತೆಗೆದಿಟ್ಟ ಬಳಿಕವೇ ಹಳೆಯ ವ್ಯವಸ್ಥೆಯನ್ನು ಅಳಿಸಬೇಕು.

ಇದಕ್ಕೆ ಬೇಕಾದುದು ಸಮಯ ಮತ್ತು ತಾಳ್ಮೆ. ವರ್ಷಗಟ್ಟಲೆ ಒಂದೇ ಪರದೆಗೆ ಒಗ್ಗಿದ ಶಿಕ್ಷಕರ ಕೈ ಹೊಸತರಲ್ಲಿ ತಡವರಿಸುವುದು ಸಹಜ. ಅದನ್ನು ಅಜ್ಞಾನವೆಂದು ಹಳಿಯುವುದು ತರವಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಬಲ್ಲವರು ರಜಾದಿನಗಳಲ್ಲಿ ಬಂದು, ಗುರುಗಳ ಪಕ್ಕದಲ್ಲಿ ಕುಳಿತು ಈ ಕಾರ್ಯಕ್ಕೆ ನೆರವಾಗಲಿ. ಹೊಸ ಯಂತ್ರದ ದಾನಕ್ಕಿಂತ ಅದು ಕಿರಿದಾದ ದಾಸೋಹವೇನೂ ಆಗಲಾರದು.