ಯುವನಿಧಿ ಮುಗಿದ ಮೇಲೆ

2024ನೆಯ ಇಸವಿ ಜನವರಿ 12ನೆಯ ತಾರೀಖು, ಸ್ವಾಮಿ ವಿವೇಕಾನಂದರ ಜಯಂತಿಯ ದಿವಸ, ಕರ್ನಾಟಕ ಸರಕಾರದವರು ಶಿವಮೊಗ್ಗೆಯಲ್ಲಿ ಯುವನಿಧಿ ಯೋಜನೆಯನ್ನು ಆರಂಭಿಸಿದರು. 2022-23ರಲ್ಲಿ ತೇರ್ಗಡೆಯಾಗಿ ಆರು ತಿಂಗಳು ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ. ಮೊದಲ ತಂಡದವರ 24 ತಿಂಗಳುಗಳು 2025ರ ಕೊನೆಗೆ ತುಂಬಿದವು. ಹಣವು ಎಂದು ನಿಲ್ಲತಕ್ಕದ್ದೆಂಬದನ್ನು ಸರಕಾರದವರು ಮೊದಲೇ ಬರೆದಿಟ್ಟಿದ್ದರು; ಕೆಲಸವು ಎಂದು ಸಿಗತಕ್ಕದ್ದೆಂಬದನ್ನು ಬರೆದಿರಲಿಲ್ಲ.

ಇದನ್ನು ಭಿಕ್ಷೆಯೆಂದು ಹಳಿಯುವವರ ಸಾಲಿನಲ್ಲಿ ನಾವು ನಿಲ್ಲುವದಿಲ್ಲ. ಅರ್ಜಿಯ ಶುಲ್ಕ, ಪರೀಕ್ಷೆಯ ಊರಿಗೆ ಬಸ್ಸಿನ ಖರ್ಚು, ಕೋಣೆಯ ಬಾಡಿಗೆ ಇವುಗಳಿಗಾಗಿ ತಂದೆಯ ಮುಂದೆ ಕೈಚಾಚಲು ನಾಚುವ ಹುಡುಗನಿಗೆ ಮೂರು ಸಾವಿರದ ಬೆಲೆಯೇನೆಂಬದು, ಸಂಬಳದ ದಿನವನ್ನು ಎಂದೂ ತಪ್ಪದೆ ಕಂಡವರಿಗೆ ತಿಳಿಯಲಾರದು.

ನಮ್ಮ ತಕರಾರು ಬೇರೆ. ಕೆಲಸವಿಲ್ಲದವರಿಗೆ ಹಣ ಕೊಡುವ ಇದೇ ಸರಕಾರದ ಇಲಾಖೆಗಳಲ್ಲಿ 2025ರಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಹುದ್ದೆಗಳು ಖಾಲಿಯಿದ್ದವು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಯು ಇತ್ಯರ್ಥವಾಗುವ ತನಕ ಹೊಸ ನೇಮಕಾತಿ ಬೇಡವೆಂದು 2024ರ ಕೊನೆಗೆ ತಡೆ ಬಿದ್ದಿತು. ಆ ಪ್ರಶ್ನೆಯು ನ್ಯಾಯವಾದದ್ದು. ಮೊದಲು ಪಾಲು, ಆಮೇಲೆ ನೇಮಕ ಎಂಬದನ್ನು ನಾವು ಅಲ್ಲಗಳೆಯೆವು. ಆದರೆ ಕಾಯುವವನ ವಯಸ್ಸು ಸರಕಾರದ ಆಜ್ಞೆಗೆ ನಿಲ್ಲುವದಿಲ್ಲ. 2025ರ ಸಪ್ಟೆಂಬರದಲ್ಲಿ ಧಾರವಾಡದ ತರುಣರು ನೇಮಕಾತಿಯನ್ನು ಕೇಳಿ ಬೀದಿಗಿಳಿದರು. ಅದೇ ಕಾಲಕ್ಕೆ ವಯೋಮಿತಿಯಲ್ಲಿ ಮೂರು ವರ್ಷಗಳ ಸಡಿಲಿಕೆ ಬಂದಿತು. ಅದು ಒಳ್ಳೆಯದೇ, ಆದರೆ ಅದರಿಂದ ಕಾಯುವ ಅವಧಿ ಉದ್ದವಾಯಿತೇ ಹೊರತು ಒಂದು ಹುದ್ದೆಯೂ ತುಂಬಲಿಲ್ಲ.

ಪರೀಕ್ಷೆ ನಡೆದಾಗಲಾದರೂ ನೆಟ್ಟಗೆ ನಡೆಯಿತೇ? ಲೋಕಸೇವಾ ಆಯೋಗವು ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಅಗಸ್ಟ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳು ತಪ್ಪುತಪ್ಪಾಗಿ ಭಾಷಾಂತರಗೊಂಡಿದ್ದವು. ಡಿಸೆಂಬರ 29ರಂದು ಮರುಪರೀಕ್ಷೆ, ಮತ್ತೆ ತಪ್ಪುಗಳು! ಇಂಗ್ಲಿಷ ಬಲ್ಲವನು ಎದುರಿನ ಪ್ರಶ್ನೆಯನ್ನೋದಿ ಪಾರಾದನು. ಕನ್ನಡವನ್ನೇ ನಂಬಿ ಬಂದ ಹಳ್ಳಿಯ ಹುಡುಗನು ಕನ್ನಡದ ರಾಜ್ಯದಲ್ಲಿಯೇ ಎಡವಿದನು.

ಕೇಂದ್ರ ಸರಕಾರದವರು 2024ರ ಮುಂಗಡಪತ್ರದಲ್ಲಿ, ಐದು ವರ್ಷಗಳಲ್ಲಿ ಒಂದು ಕೋಟಿ ತರುಣರಿಗೆ 500 ದೊಡ್ಡ ಕಂಪನಿಗಳಲ್ಲಿ ತಿಂಗಳಿಗೆ 5000 ರೂಪಾಯಿಗಳ ಭತ್ಯೆಯೊಡನೆ ಅನುಭವ ಕೊಡಿಸುವದಾಗಿ ಸಾರಿದರು. ಕೊನೆಗೆ ಕೆಲಸ ಕೊಡಲೇಬೇಕೆಂಬ ಕಟ್ಟಳೆ ಕಂಪನಿಗಳ ಮೇಲಿಲ್ಲ. ನಮ್ಮ ಮುದ್ರಣಾಲಯಕ್ಕೆ ಕೆಲಸ ಕಲಿಯಲು ಬರುವ ಹುಡುಗರು ಮೊದಲ ದಿವಸ ಕೇಳುವದು ಒಂದೇ ಮಾತು: "ಕಲ್ತ ಮ್ಯಾಲೆ ಇಟ್ಕೋತೀರೇನ್ರಿ?"

ಸರಕಾರದವರಿಂದ ನಾವು ಬೇಡುವದು ಹೊಸ ಯೋಜನೆಯನ್ನಲ್ಲ. ಪ್ರತಿಯೊಂದು ಇಲಾಖೆಯು ತನ್ನಲ್ಲಿ ಖಾಲಿಯಿರುವ ಹುದ್ದೆಗಳೆಷ್ಟು, ಈ ವರ್ಷ ತುಂಬುವವೆಷ್ಟು, ಪರೀಕ್ಷೆ ಯಾವ ತಾರೀಖಿಗೆ, ಆಜ್ಞಾಪತ್ರ ಕೈಸೇರುವದು ಯಾವ ತಿಂಗಳಲ್ಲಿ ಎಂಬದನ್ನು ಮುಂಗಡಪತ್ರದೊಡನೆ ವಿಧಾನಮಂಡಲದ ಮುಂದಿಡಲಿ. ತಪ್ಪಿದ ತಾರೀಖಿಗೆ ಇಲಾಖೆಯ ಕಾರ್ಯದರ್ಶಿಗಳು ಅಲ್ಲಿಯೇ ಲಿಖಿತ ಕಾರಣವನ್ನು ಕೊಡಲಿ.